ನನ್ನ ಕಂಪ್ಯೂಟರಿನಲ್ಲಿ ನನಗಿಲ್ಲದ ಅಧಿಕಾರ

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ಹತ್ತು ದಿನಗಳ ಬಗ್ಗೆ ಬರೆಯಲು ಕೂತರೆ ಇಷ್ಟು ವರ್ಷಗಳ ಮೇಲೂ ಮೈ ಬಿಸಿಯಾಗುತ್ತದೆ.

ಕ್ರಿಸ್ಮಸ್ ರಜೆ ಶುರುವಾದ ಶನಿವಾರ ಅದು. 2010ರ ಆಸುಪಾಸಿನ ಮಾತು. ನಾನು ಮಲಯಾಳ ನಾಡಿಗೆ ಸೇರಿದ ಗಡಿಯಲ್ಲಿ, ಎಣ್ಮಕಜೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದೆ. ಹತ್ತನೆಯ ತರಗತಿಯವರಿಗೆ ಪರೀಕ್ಷೆಗೆ ಮೊದಲು ಆ ವಿಷಯದ ಪುನರಾವರ್ತನೆಯ ಕೈಪಿಡಿಯೊಂದನ್ನು ಕೊಡುವ ಕ್ರಮವಿತ್ತು. ಅದನ್ನು ಮೊದಲು ಮಲಯಾಳದಲ್ಲಿ ತಯಾರಿಸುತ್ತಾರೆ, ಆಮೇಲೆ ಯಾರಾದರೂ ಕನ್ನಡಕ್ಕೆ ತರಬೇಕು. ಪ್ರತಿವರ್ಷ ಕನ್ನಡದ್ದು ಬರುವಾಗ ಪರೀಕ್ಷೆ ಮುಗಿದಿರುತ್ತಿತ್ತು, ಅಥವಾ ಬರುತ್ತಲೇ ಇರಲಿಲ್ಲ. ಹಿಂದಿನ ವರ್ಷ ನಮ್ಮ ಮಕ್ಕಳು ಪಕ್ಕದ ಡಿವಿಷನ್ನಿನ ಮಲಯಾಳಂ ಪುಸ್ತಕದ ಚಿತ್ರಗಳನ್ನು ನೋಡಿ ಅಂದಾಜಿನಲ್ಲಿ ಓದಿದ್ದರು. ಈ ಸಲ ನಾನೇ ಮಾಡುತ್ತೇನೆ ಎಂದು ಸಭೆಯಲ್ಲಿ ಕೈ ಎತ್ತಿದ್ದೆ. ರಜೆ ಮುಗಿದ ಸೋಮವಾರ ಅರುವತ್ತು ಪುಟ ಕೊಡಬೇಕು, ಅದೂ ಹಳೆಯ ಫಾಂಟುಗಳಲ್ಲಲ್ಲ, ಯೂನಿಕೋಡಿನಲ್ಲಿ.

ಶಾಲೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇತ್ತು, ಅದರಲ್ಲಿ ಕನ್ನಡಕ್ಕೆ ಏನೂ ತೊಂದರೆಯಿರಲಿಲ್ಲ. ಮೊದಲ ಎರಡು ಪುಟಗಳನ್ನು ಅಲ್ಲಿಯೇ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ಮನೆಗೆ ತಂದಿದ್ದೆ. ರಜೆಗೆ ಲ್ಯಾಬಿಗೆ ಬೀಗ ಬಿತ್ತು, ಕೀಲಿಕೈ ಹೆಡ್‌ಮಾಸ್ಟರರ ಜತೆ ಅವರ ಊರಿಗೆ ಹೋಯಿತು. ಸೀತಾಂಗೋಳಿಯ ನಮ್ಮ ಮನೆಯಲ್ಲಿದ್ದದ್ದು ಐದಾರು ವರ್ಷ ಹಳೆಯ, ವಿಂಡೋಸ್ ಎಕ್ಸ್‌ಪಿ ಹಾಕಿದ ಕಂಪ್ಯೂಟರ್. ಕಡತ ತೆರೆದೆ. ಅಕ್ಷರವಿರಬೇಕಾದಲ್ಲೆಲ್ಲ ಸಾಲುಸಾಲಾಗಿ ಖಾಲಿ ಚೌಕಗಳು. ಎರಡು ಪುಟ ತುಂಬ ಚೌಕಗಳು.

ಕಾರಣ ನನಗೆ ಗೊತ್ತಿತ್ತು. ಎಕ್ಸ್‌ಪಿಯಲ್ಲಿ ಕನ್ನಡದಂಥ ಲಿಪಿಗಳ ಬೆಂಬಲ ತಾನಾಗಿ ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲಿನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಿ, ಸಿಡಿಯಿಂದ ಕೆಲವು ಕಡತ ಸೇರಿಸಿಕೊಂಡರೆ ಆಯಿತು. ಹತ್ತು ನಿಮಿಷದ ಕೆಲಸ. ನಾನು ಅಲ್ಲಿಗೆ ಹೋದೆ. ಗುರುತು ಹಾಕುವ ಜಾಗವೇ ಮಂಕಾಗಿತ್ತು, ಒತ್ತಿದರೆ ಅಲ್ಲಾಡಲಿಲ್ಲ. ಇದಕ್ಕೆ ಅಡ್ಮಿನಿಸ್ಟ್ರೇಟರ್, ಅಂದರೆ ಯಂತ್ರದಲ್ಲಿ ಏನು ಬೇಕಾದರೂ ಬದಲಿಸಬಲ್ಲವರು, ಆಗಿರಬೇಕು. ನನ್ನದು 'ಲಿಮಿಟೆಡ್' ಖಾತೆ.

ಆ ಕಂಪ್ಯೂಟರನ್ನು ಕೊಂಡದ್ದು ನನ್ನ ಸಂಬಳದಲ್ಲಿ. ಅದರ ಮುಂದೆ ದಿನವೂ ಕೂರುವವಳು ನಾನು. ಆದರೆ ಅದರ ಯಜಮಾನ ನನ್ನ ಅಣ್ಣ. ಅವನು ಮಂಗಳೂರಿನಲ್ಲಿ ಬ್ಯಾಂಕಿನಲ್ಲಿದ್ದ, ಆದಿತ್ಯವಾರ ಮಾತ್ರ ಮನೆಗೆ ಬರುತ್ತಿದ್ದ. ಒಮ್ಮೆ ಯಂತ್ರಕ್ಕೆ ವೈರಸ್ ಹೊಕ್ಕಿತು. ನನ್ನ ಶಾಲೆಯ ಪೆನ್‌ಡ್ರೈವಿನಿಂದಲೇ ಬಂದದ್ದೆಂದು ಅಣ್ಣ ತೀರ್ಪು ಕೊಟ್ಟ. ಅವನ ಪೆನ್‌ಡ್ರೈವ್ ಯಾವ ಗಂಗೆಯಲ್ಲಿ ಮಿಂದು ಬಂದಿತ್ತೋ, ಅದನ್ನು ಯಾರೂ ಕೇಳಲಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದವನು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ತನ್ನ ಹತ್ತಿರವೇ ಇಟ್ಟುಕೊಂಡು ನನಗೆ ಈ ಖಾತೆ ಮಾಡಿಕೊಟ್ಟಿದ್ದ. ಆಗಲೇ ಜಗಳ ಮಾಡಬೇಕಿತ್ತು. ಬರೆಯಲು, ಓದಲು ಇಷ್ಟು ಸಾಕಲ್ಲ ಎಂದು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಅಣ್ಣನ ಮೇಲಿರುವಷ್ಟೇ ನನ್ನ ಮೇಲೂ ನನಗೆ ಸಿಟ್ಟಿದೆ.

ಫೋನ್ ಮಾಡಿದೆ.

"ಅಣ್ಣ, ಕನ್ನಡ ಹಾಕ್ಲಿಕ್ಕುಂಟು. ಪಾಸ್‌ವರ್ಡ್ ಹೇಳು."

"ಎಂತಕೆ ಅದೆಲ್ಲ ಈಗ? ನುಡಿಯಲ್ಲೋ ಮತ್ತೊಂದರಲ್ಲೋ ಟೈಪ್ ಮಾಡಿದ್ರೆ ಆಗುದಿಲ್ವಾ?"

"ಆಗುದಿಲ್ಲ. ಯೂನಿಕೋಡ್‌ನಲ್ಲೇ ಕೊಡ್ಬೇಕು. ಅದಲ್ಲದೆ ಹೊಸತು ಎಂತ ಹಾಕ್ಲಿಕ್ಕೂ ನಿನ್ನ ಪಾಸ್‌ವರ್ಡೇ ಬೇಕಲ್ಲ?"

"ಪಾಸ್‌ವರ್ಡೆಲ್ಲ ಫೋನಲ್ಲಿ ಹೇಳುದಲ್ಲ ಮಾರಾಯ್ತಿ. ನಾಳೆ ಬರ್ತೇನಲ್ಲ, ಬಂದು ಹಾಕಿ ಕೊಡ್ತೇನೆ."

ಆದಿತ್ಯವಾರ ಅವನು ಬರಲಿಲ್ಲ. ಸಹೋದ್ಯೋಗಿಯ ಮನೆಯೊಕ್ಕಲಂತೆ. ಮುಂದಿನ ವಾರ ಖಂಡಿತ ಎಂದ. ಮುಂದಿನ ಆದಿತ್ಯವಾರದ ಮರುದಿನ ನಾನು ಅರುವತ್ತು ಪುಟ ಕೊಡಬೇಕಿತ್ತು. ಅದನ್ನು ಹೇಳಿದೆ. "ನೀನು ಯಾವಾಗಲೂ ಕೊನೇ ಗಳಿಗೆಗೆ ಇಟ್ಟುಕೊಳ್ಳುದು" ಎಂದ. ನನಗೆ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಫೋನೂ ನನ್ನದೇ ಆಗಿತ್ತು.

ಅಮ್ಮ ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ಅವನಿಗೆ ಅದರ ಕ್ರಮ ಗೊತ್ತುಂಟಲ್ಲ ಮಗಾ, ಅವನೇ ಮಾಡ್ಲಿ. ನೀನು ಮುಟ್ಟಿ ಹಾಳಾದ್ರೆ ಕಷ್ಟ" ಎಂದರು. ನಾನು ವಿಜ್ಞಾನದ ಟೀಚರ್. ಶಾಲೆಯ ಲ್ಯಾಬಿನ ಹದಿನೈದು ಕಂಪ್ಯೂಟರುಗಳಿಗೆ ಯಾರಿಗೆ ಯಾವ ಅನುಮತಿ ಎಂದು ನಿಗದಿ ಮಾಡುವವಳು ನಾನು. ಮನೆಗೆ ಬಂದರೆ ಮುಟ್ಟಿ ಹಾಳು ಮಾಡುವವಳು.

ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಬೆಳಿಗ್ಗೆಯೆಲ್ಲ ಗೆರೆ ಹಾಕಿದ ಕಾಗದದಲ್ಲಿ ಕೈಯಲ್ಲೇ ಅನುವಾದ ಬರೆಯುವುದು, ಮಧ್ಯಾಹ್ನದ ಮೇಲೆ ಕಂಪ್ಯೂಟರಿನ ಜತೆ ಗುದ್ದಾಡುವುದು ಎಂದು ಮಾಡಿಕೊಂಡೆ. ಸೋಮವಾರ ಮೊದಲ ಪ್ರಯತ್ನ. ಎಕ್ಸ್‌ಪಿ ಹಾಕಿದಾಗ ಅದರೊಳಗೆ 'ಅಡ್ಮಿನಿಸ್ಟ್ರೇಟರ್' ಎಂಬ ಹೆಸರಿನ ಖಾತೆಯೊಂದು ತಾನಾಗಿ ಹುಟ್ಟಿಕೊಂಡಿರುತ್ತದೆ. ಎಂದಿನ ಪರದೆಯಲ್ಲಿ ಅದು ಕಾಣುವುದಿಲ್ಲ, ದುರಸ್ತಿಗೆಂದಿರುವ ಸೇಫ್ ಮೋಡಿನಲ್ಲಿ ಕಾಣುತ್ತದೆ. ಅನೇಕರು ಅದಕ್ಕೆ ಪಾಸ್‌ವರ್ಡ್ ಹಾಕಲು ಮರೆತಿರುತ್ತಾರೆ. ಯಂತ್ರ ಚಾಲೂ ಆಗುವಾಗ ಎಫ್8 ಕೀಲಿಯನ್ನು ಒತ್ತಿಒತ್ತಿ ಸೇಫ್ ಮೋಡಿಗೆ ಹೋದೆ. ಕಪ್ಪು ಪರದೆ, ದಪ್ಪ ಅಕ್ಷರ, ಅಲ್ಲಿ ಆ ಹೆಸರು. ಒತ್ತಿದೆ. ಪಾಸ್‌ವರ್ಡ್ ಕೇಳಿತು. ನನ್ನ ಅಣ್ಣ ಮರೆಯುವವನಲ್ಲ. ಅವನ ಬೈಕಿನ ನಂಬರು, ಹುಟ್ಟಿದ ತಾರೀಕು, ಬ್ಯಾಂಕಿನ ಹೆಸರು ಎಲ್ಲ ಹಾಕಿ ನೋಡಿದೆ. ಇಪ್ಪತ್ತು ಸಲ ತಪ್ಪು ಎಂದು ಹೇಳಿಸಿಕೊಂಡ ಮೇಲೆ ಸ್ವಿಚ್ ಆರಿಸಿದೆ.

ಮಂಗಳವಾರ ತರಬೇತಿಯಲ್ಲಿ ಕೊಟ್ಟಿದ್ದ ಲಿನಕ್ಸ್ ಸಿಡಿ ನೆನಪಾಯಿತು. ಅದನ್ನು ಹಾಕಿದರೆ ಯಂತ್ರ ಸಿಡಿಯಿಂದಲೇ ಚಾಲೂ ಆಗುತ್ತದೆ. ಒಳಗಿರುವ ಎಕ್ಸ್‌ಪಿಯನ್ನಾಗಲಿ, ಅದರ ಯಜಮಾನನನ್ನಾಗಲಿ ಕೇಳಬೇಕಾಗಿಯೇ ಇಲ್ಲ. ಶಾಲೆಯಲ್ಲಿ ನೂರು ಸಲ ಮಾಡಿದ ಕೆಲಸ. ಆದರೆ ನಮ್ಮ ಯಂತ್ರದ ಮೆಮೊರಿ ಬಹಳ ಕಡಿಮೆ. ಡ್ರೈವು ಕರಕರ ಎಂದು ತಿರುಗಿತು, ಅರ್ಧ ಗಂಟೆಯಾದ ಮೇಲೆ ಬಣ್ಣದ ಪರದೆ ಬಂತು, ಮೌಸ್ ಅಲ್ಲಾಡಿಸಿದರೆ ಬಾಣದ ಗುರುತು ಎರಡು ನಿಮಿಷ ಬಿಟ್ಟು ಅಲ್ಲಾಡಿತು. ಬರೆಯುವ ತಂತ್ರಾಂಶ ತೆರೆಯುವಷ್ಟರಲ್ಲಿ ಎಲ್ಲ ಹೆಪ್ಪುಗಟ್ಟಿ ನಿಂತಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕಥೆ.

ಅಂದು ಸಂಜೆ ನಮ್ಮ ಶಾಲೆಯ ಗಣಿತದ ಮಾಷ್, ಅಂದರೆ ಮಾಸ್ತರು, ಫೋನ್ ಮಾಡಿದರು. ಕುಂಬಳೆಯವರು, ಮನೆಮಾತು ಬ್ಯಾರಿ. ಕೈಪಿಡಿಯಲ್ಲಿ ಬರುವ ಲೆಕ್ಕಗಳನ್ನು ತಿದ್ದಿಕೊಡಲು ಒಪ್ಪಿದ್ದರು.

"ಎಷ್ಟಾಯ್ತು ಟೀಚರೇ?"

"ಕಾಗದದಲ್ಲಿ ಮೂವತ್ತು ಪುಟ. ಕಂಪ್ಯೂಟರಲ್ಲಿ ಸೊನ್ನೆ" ಎಂದು ಎಲ್ಲವನ್ನೂ ಹೇಳಿದೆ.

"ಅಲ್ಲ ಮಾರಾಯ್ರೆ, ನಿಮ್ಮ ಕಂಪ್ಯೂಟರಿಗೆ ನೀವೇ ಕಳ್ಳರ ಹಾಗೆ ಹಿಂದಿನ ಬಾಗಿಲಿಂದ ನುಗ್ಗುದಾ!" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅದು ಗೊತ್ತಾಗಿ, ಎಕ್ಸ್‌ಪಿಯ ಸಿಡಿ ತನ್ನ ಹತ್ತಿರ ಉಂಟು, ಬೇಕಾದಾಗ ತಂದುಕೊಡ್ತೇನೆ ಎಂದರು.

ಬುಧವಾರ ಮಧ್ಯಾಹ್ನ ಮತ್ತೆ ಕೂತೆ. ಏನು ಮಾಡಬೇಕೆಂದು ತೋಚದೆ ಆ ಸ್ವಾಗತ ಪರದೆಯನ್ನೇ ನೋಡುತ್ತಿದ್ದೆ. ಮೂರು ಹೆಸರು, ಮೂರು ಸಣ್ಣ ಚಿತ್ರ. ಮೊದಲು 'ಅಮ್ಮ', ಒಂದು ಹೂವಿನ ಚಿತ್ರದ ಜತೆ. ಆಮೇಲೆ ಅಣ್ಣ, ಕೊನೆಗೆ ನಾನು. ಅಮ್ಮ ಒಂದು ದಿನವೂ ಮೌಸ್ ಮುಟ್ಟಿದವರಲ್ಲ. ಆದರೆ ನಮ್ಮ ಮನೆಯಲ್ಲಿ ಹೊಸತೇನು ಬಂದರೂ ಮೊದಲು ಅಮ್ಮನ ಹೆಸರಲ್ಲಿ, ಅಮ್ಮನ ಕೈಯಲ್ಲಿ ಆಗಬೇಕು. ಗ್ರೈಂಡರ್ ಬಂದಾಗಲೂ ಹಾಗೆ, ಫ್ರಿಜ್ ಬಂದಾಗಲೂ ಹಾಗೆ. ಕಂಪ್ಯೂಟರ್ ಬಂದ ದಿನ ದೀಪ ಹಚ್ಚಿ, ಕುಂಕುಮ ಇಟ್ಟು, ಸ್ವಿಚ್ ಒತ್ತಿದ್ದು ಅಮ್ಮ. ಎಲ್ಲ ಅಳಿಸಿ ಮತ್ತೆ ಹಾಕುವಾಗಲೂ, ಈ ಯಂತ್ರವನ್ನು ಯಾರ್‍ಯಾರು ಬಳಸುತ್ತಾರೆ ಎಂದು ಅದು ಕೇಳಿದ್ದಕ್ಕೆ, ಅಣ್ಣ ಭಕ್ತಿಯಿಂದ ಮೊದಲು ಅಮ್ಮ ಎಂದು ಬರೆದು ಆಮೇಲೆ ತನ್ನ ಹೆಸರು ಬರೆದಿದ್ದ.

ಆಗ ನನಗೆ ತಟ್ಟನೆ ಹೊಳೆಯಿತು. ಎಕ್ಸ್‌ಪಿ ಹಾಕುವ ಹೊತ್ತಿನಲ್ಲಿ ಬರೆದ ಹೆಸರುಗಳೆಲ್ಲ ಅಡ್ಮಿನಿಸ್ಟ್ರೇಟರ್ ಆಗಿಯೇ ಹುಟ್ಟುತ್ತವೆ, ಪಾಸ್‌ವರ್ಡ್ ಇಲ್ಲದೆ. ಅಣ್ಣ ತನ್ನ ಖಾತೆಗೆ ಪಾಸ್‌ವರ್ಡ್ ಹಾಕಿಕೊಂಡ, ನನ್ನದನ್ನು ಆಮೇಲೆ ಬೇರೆಯಾಗಿ ಮಾಡಿ ಕಟ್ಟಿಹಾಕಿದ. ಅಮ್ಮನದು? ಅಮ್ಮನನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೆಸರಿಗೆ ಮೊದಲ ಸ್ಥಾನ, ಅಲ್ಲಿಗೆ ಗೌರವ ಮುಗಿಯಿತು.

ಹೂವಿನ ಚಿತ್ರ ಒತ್ತಿದೆ. ಏನೂ ಕೇಳದೆ ತೆರೆದುಕೊಂಡಿತು. ಖಾತೆಗಳ ಪಟ್ಟಿ ತೆಗೆದು ನೋಡಿದರೆ ಸ್ಪಷ್ಟವಾಗಿ ಬರೆದಿತ್ತು: ಅಮ್ಮ, ಕಂಪ್ಯೂಟರ್ ಅಡ್ಮಿನಿಸ್ಟ್ರೇಟರ್. ಐದು ದಿನಗಳಿಂದ ನಾನು ಸುತ್ತಮುತ್ತ ಗೋಡೆ ಹಾರುತ್ತಿದ್ದೆ, ಮುಂಬಾಗಿಲು ತೆರೆದೇ ಇತ್ತು. ಖುಷಿಯಾಗಬೇಕಿತ್ತು. ನನಗೆ ಪಿತ್ತ ನೆತ್ತಿಗೇರಿತು. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಧಿಕಾರವನ್ನು ಅದರ ಅರಿವೇ ಇಲ್ಲದವರ ಕೈಗೆ ಕೊಟ್ಟು, ಕೆಲಸ ಗೊತ್ತಿದ್ದವಳನ್ನು ಹೊರಗೆ ನಿಲ್ಲಿಸಿದ ಈ ಜಾಣತನಕ್ಕೆ ಏನೆನ್ನಬೇಕು?

ಕೈ ಮುಂದೆ ಹೋಗಿತ್ತು, ನಿಲ್ಲಿಸಿದೆ. ಅಮ್ಮನ ಖಾತೆಯನ್ನು ಅಮ್ಮನಿಗೆ ಹೇಳದೆ ಬಳಸಿದರೆ ಅಣ್ಣನಿಗೂ ನನಗೂ ವ್ಯತ್ಯಾಸವಿಲ್ಲ. ಖಾತೆಯಿಂದ ಹೊರಗೆ ಬಂದು ಅಮ್ಮನನ್ನು ಕರೆದೆ. ಸೆರಗಿಗೆ ಕೈ ಒರೆಸುತ್ತ ಬಂದರು.

"ಇದರಲ್ಲಿ ನಿಮ್ಮ ಹೆಸರುಂಟು ಅಮ್ಮ. ಅಣ್ಣನಿಗೆ ಇರುವಷ್ಟೇ ಅಧಿಕಾರ ನಿಮಗೂ ಉಂಟು. ನೀವು ಒಪ್ಪಿದ್ರೆ ನನ್ನ ಕೆಲಸ ಈಗಲೇ ಶುರು ಆಗ್ತದೆ."

"ನನಗೆಂತ ಅಧಿಕಾರ? ನನಗೆ ಇದರ ತಲೆ ಬುಡ ಗೊತ್ತಿಲ್ಲ."

"ಗೊತ್ತಿಲ್ಲದಿದ್ರೂ ಉಂಟು."

"ಅವ ಬೈದ್ರೆ?"

"ಬೈಲಿ. ನನಗೆ ಬೈಲಿ. ಅಮ್ಮ, ಸೋಮವಾರ ಇದು ಹೋಗದಿದ್ರೆ ನಮ್ಮ ನಲ್ವತ್ತು ಮಕ್ಕಳು ಈ ಸಲವೂ ಮಲಯಾಳದ ಪುಸ್ತಕದ ಚಿತ್ರ ನೋಡ್ತಾ ಕೂರ್ಬೇಕು."

ಅಮ್ಮ ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಎಂಟನೆಯದಕ್ಕೆ ಹತ್ತಿರದಲ್ಲಿ ಕನ್ನಡ ಡಿವಿಷನ್ ಇರಲಿಲ್ಲವೆಂದು ಮನೆಯಲ್ಲಿ ಕೂತವರು. ಅದನ್ನು ನಾನು ನೆನಪಿಸಲಿಲ್ಲ. ಅವರು ಕುರ್ಚಿ ಎಳೆದು ಕೂತರು. ಆಮೇಲೆ "ಎಲ್ಲಿ ಒತ್ತುದು?" ಎಂದರು. ಮೌಸನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದು, ನಾಲ್ಕನೆಯ ಪ್ರಯತ್ನಕ್ಕೆ ತಮ್ಮ ಹೆಸರಿನ ಮೇಲೆ ಸರಿಯಾಗಿ ಒತ್ತಿದರು.

ಉಳಿದದ್ದು ನನ್ನ ಕೆಲಸ. ನನ್ನ ಖಾತೆಯನ್ನು ಅಡ್ಮಿನಿಸ್ಟ್ರೇಟರ್ ಎಂದು ಬದಲಾಯಿಸಿದೆ. ಅದರ ಮೇಲೆಯೇ ಅಣ್ಣನ ಖಾತೆ. ಅಲ್ಲಿ ಎಲ್ಲ ಸಾಧ್ಯತೆಗಳೂ ಸಾಲಾಗಿದ್ದವು: ಪಾಸ್‌ವರ್ಡ್ ಬದಲಿಸು, ತೆಗೆದುಹಾಕು, ಖಾತೆಯನ್ನೇ ಅಳಿಸು. ಒಂದು ಗಳಿಗೆ ಆ ಕೊನೆಯದರ ಮೇಲೆ ಬಾಣವನ್ನು ನಿಲ್ಲಿಸಿಯೇ ಕೂತಿದ್ದೆ. ಅಳಿಸಿದರೆ ಅವನ ಮದುವೆಯ ಫೋಟೋಗಳು, ಇಲಾಖಾ ಪರೀಕ್ಷೆಯ ಟಿಪ್ಪಣಿಗಳು ಹೋಗುವ ಭಯ. ಪಾಸ್‌ವರ್ಡ್ ಬದಲಿಸಿದರೂ ಅವನು ಒಳಗೆ ಉಳಿಸಿಟ್ಟ ಬೇರೆ ಪಾಸ್‌ವರ್ಡುಗಳು ಹೋಗುತ್ತವೆ ಎಂದು ಯಂತ್ರವೇ ಎಚ್ಚರಿಸುತ್ತದೆ. ಅವನ ವಸ್ತುಗಳ ಮೇಲೆ ನನಗೆ ಸಿಟ್ಟಿರಲಿಲ್ಲ. ಹಾಗಾಗಿ ಅವೆರಡನ್ನೂ ಮುಟ್ಟದೆ, ಖಾತೆಯ ವಿಧವನ್ನು ಮಾತ್ರ ಬದಲಾಯಿಸಿದೆ. ಅವನ ಹೆಸರಿನ ಕೆಳಗೆ 'ಲಿಮಿಟೆಡ್' ಎಂದು ಬಂತು. ಅದು ಅಗತ್ಯವಿತ್ತೇ ಎಂದು ಕೇಳಿದರೆ, ಇತ್ತು. ಇಲ್ಲದಿದ್ದರೆ ಅವನು ಆದಿತ್ಯವಾರ ಬಂದು ಎರಡು ನಿಮಿಷದಲ್ಲಿ ನನ್ನನ್ನು ಮತ್ತೆ ಕಟ್ಟಿಹಾಕುತ್ತಿದ್ದ. ಖುಷಿಯಾಯಿತೇ ಎಂದು ಕೇಳಿದರೆ, ಅದೂ ಆಯಿತು. ಸುಳ್ಳು ಹೇಳುವುದಿಲ್ಲ.

ಸೇಫ್ ಮೋಡಿನಲ್ಲಿ ಕಾಣುವ ಆ 'ಅಡ್ಮಿನಿಸ್ಟ್ರೇಟರ್' ಖಾತೆಯ ಪಾಸ್‌ವರ್ಡನ್ನು ಬದಲಿಸಿ, ಕೊನೆಗೆ ಅಮ್ಮನ ಖಾತೆಗೆ ಒಂದು ಪಾಸ್‌ವರ್ಡ್ ಹಾಕಿಸಿದೆ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಹುಡುಕಿ ಅಮ್ಮನೇ ಹಾಕಿದರು. ನಾನು ನೋಡಲಿಲ್ಲ.

ನನ್ನ ಖಾತೆಗೆ ಮರಳಿದರೆ ಗುರುತು ಹಾಕುವ ಜಾಗ ಇನ್ನೂ ಮಂಕಾಗಿಯೇ ಇತ್ತು. ಆಮೇಲೆ ಗೊತ್ತಾಯಿತು, ಮಧ್ಯಾಹ್ನ ಕೂತ ಕೂಡಲೇ ನಾನು ತೆರೆದಿದ್ದ ಹಳೆಯ ಸೆಷನ್ ಹಾಗೆಯೇ ಹಿಂದೆ ನಡೆಯುತ್ತಿತ್ತು. ಒಮ್ಮೆ ಪೂರ್ತಿ ಹೊರಗೆ ಹೋಗಿ ಒಳಗೆ ಬಂದರೆ ಮಾತ್ರ ಹೊಸ ಅಧಿಕಾರ ಸಿಗುತ್ತದೆ. ಹೋಗಿ ಬಂದೆ. ಗುರುತು ಬಿತ್ತು. ಸಿಡಿ ಹಾಕು ಎಂದಿತು.

ಗುರುವಾರ ಬೆಳಿಗ್ಗೆ ಮಾಷ್ ಸ್ಕೂಟರಿನಲ್ಲಿ ಸಿಡಿ ತಂದರು. ಅದರ ಬೆನ್ನ ತುಂಬ ಗೀರುಗಳು. ಅರ್ಧಕ್ಕೆ ಬಂದು ಕಡತವೊಂದು ಸಿಗುವುದಿಲ್ಲ ಎಂದು ನಿಂತಿತು. ತೆಗೆದು ಸೋಪಿನ ನೀರಲ್ಲಿ ತೊಳೆದು, ಹಳೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ಮತ್ತೆ ಹಾಕಿದೆ. ಮತ್ತೆ ನಿಂತಿತು. ಮೂರನೆಯ ಸಲ ಡ್ರೈವು ಗೊರಗೊರ ಎಂದು ಬಹಳ ಹೊತ್ತು ಯೋಚಿಸಿ ಮುಂದೆ ಹೋಯಿತು. ಯಂತ್ರ ಆರಿ ಹತ್ತಿದ ಮೇಲೆ ನನ್ನ ಕಡತ ತೆರೆದೆ. ಚೌಕಗಳಿದ್ದ ಜಾಗದಲ್ಲಿ 'ವಿದ್ಯುತ್ಕಾಂತೀಯ ಪ್ರೇರಣೆ' ಎಂದು ಒತ್ತಕ್ಷರ ಸಮೇತ ಕೂತಿತ್ತು. ಮಾಷ್ "ಹಾ, ಬಂತಲ್ಲ!" ಎಂದು ಮೇಜು ಕುಟ್ಟಿದರು. ನನಗೆ ಅಳು ಬಂತು, ಸಿಟ್ಟಿನ ಅಳು. ಹತ್ತು ನಿಮಿಷದ ಕೆಲಸಕ್ಕೆ ಆರು ದಿನ.

ಗುರುವಾರ, ಶುಕ್ರವಾರ, ಶನಿವಾರ ಟೈಪ್ ಮಾಡಿದೆ. ಪ್ರತಿ ಅಧ್ಯಾಯ ಮುಗಿದಂತೆ ಒಂದು ಪ್ರತಿ ಪೆನ್‌ಡ್ರೈವಿಗೆ, ಶನಿವಾರ ಸಂಜೆ ಇನ್ನೊಂದು ಪ್ರತಿ ಮಾಷ್ ಮನೆಗೆ. ಆದಿತ್ಯವಾರ ಎಂಟು ಪುಟ ಉಳಿದಿತ್ತು.

ಅಣ್ಣ ಹತ್ತು ಗಂಟೆಗೆ ಬಂದ. ಹೇಳಿದ ಹಾಗೆ ಸಿಡಿಯನ್ನೂ ತಂದಿದ್ದ. "ಸ್ವಲ್ಪ ಏಳು, ಹಾಕಿ ಕೊಡ್ತೇನೆ" ಎಂದ. ಪರದೆಯಲ್ಲಿ ಕನ್ನಡ ನೋಡಿ ನಿಂತ. ನಾನು ಎದ್ದು ಜಾಗ ಬಿಟ್ಟೆ. ತನ್ನ ಖಾತೆಗೆ ಹೋಗಿ ಏನೋ ಒತ್ತಿದ, ಅನುಮತಿಯಿಲ್ಲ ಎಂದು ಬಂತು. ಇನ್ನೊಂದು ಒತ್ತಿದ, ಅದೂ ಹಾಗೆಯೇ. ಅವನ ಕಿವಿ ಕೆಂಪಾಯಿತು.

"ಯಾರು ಮಾಡಿದ್ದು ಇದು?"

"ನಾನು."

"ಪಾಸ್‌ವರ್ಡ್ ಒಡೆದ್ಯಾ? ನನ್ನ ಫೈಲೆಲ್ಲ ನೋಡಿದ್ಯಾ?"

"ನಿನ್ನ ಪಾಸ್‌ವರ್ಡ್ ಅಲ್ಲಿಯೇ ಉಂಟು, ಫೈಲೂ ಉಂಟು. ಯಾರೂ ಮುಟ್ಟಲಿಲ್ಲ."

"ಮತ್ತೆ ಹೇಗೆ?"

ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಅದರಲ್ಲಿ ನನ್ನ ಹೆಸರಿತ್ತಲ್ಲ ಮಗಾ. ನಾನೇ ಒತ್ತಿ ಕೊಟ್ಟದ್ದು" ಎಂದರು.

ಅಣ್ಣ ನನ್ನ ಕಡೆ ತಿರುಗಿದ. ಕೈಯಲ್ಲಿದ್ದ ಸಿಡಿಯನ್ನು ನನಗೆ ತೋರಿಸಿದ. "ಇದು ಹಾಕಿ ಫಾರ್ಮ್ಯಾಟ್ ಹೊಡೆದ್ರೆ ನಿನ್ನ ಅಡ್ಮಿನ್‌ಗಿಡ್ಮಿನ್ ಎಲ್ಲ ಹೋಗ್ತದೆ, ಗೊತ್ತುಂಟಾ?"

ಗೊತ್ತಿತ್ತು. ಸಿಡಿ ಕೈಯಲ್ಲಿದ್ದವನ ಮುಂದೆ ಯಾವ ಖಾತೆಯೂ ನಿಲ್ಲುವುದಿಲ್ಲ. "ಹೊಡಿ" ಎಂದೆ. "ಐವತ್ತೆರಡು ಪುಟ ಮಾಷ್ ಮನೆಯಲ್ಲುಂಟು. ಉಳಿದ ಎಂಟನ್ನು ನಾಳೆ ಬೆಳಿಗ್ಗೆ ಶಾಲೆಯ ಲ್ಯಾಬಲ್ಲಿ ಮಾಡ್ತೇನೆ. ಆದ್ರೆ ಹೊಡೆದ ಮೇಲೆ ಈ ಕಂಪ್ಯೂಟರನ್ನು ನೀನೇ ಮಂಗಳೂರಿಗೆ ಹೊತ್ಕೊಂಡು ಹೋಗು. ನನ್ನದಲ್ಲದ್ದು ನನ್ನ ಮೇಜಿನ ಮೇಲೆ ಬೇಡ."

ಅವನು ಸಿಡಿಯನ್ನು ಚೀಲದೊಳಗೆ ಹಾಕಿದ. ಮಧ್ಯಾಹ್ನದ ಊಟಕ್ಕೆ ಕೂತವನು ನನ್ನೊಡನೆ ಮಾತಾಡಲಿಲ್ಲ, ಮುಂದಿನ ಎರಡು ತಿಂಗಳೂ ಮಾತಾಡಲಿಲ್ಲ. ನಾನು ಎಂಟು ಪುಟ ಮುಗಿಸಿದೆ.

ಸೋಮವಾರ ಅರ್ಧ ದಿನ ರಜೆ ಹಾಕಿ ಕೈಪಿಡಿಯ ಸಂಯೋಜಕರ ಕಚೇರಿಗೆ ಹೋದೆ. ಯಾರ ಕಂಪ್ಯೂಟರಿನ ಮೇಲೂ ನಂಬಿಕೆ ಉಳಿದಿರಲಿಲ್ಲವಾದ್ದರಿಂದ ಪಿಡಿಎಫ್ ಕೂಡ ಮಾಡಿಕೊಂಡು ಹೋಗಿದ್ದೆ. ಅವರು ಪೆನ್‌ಡ್ರೈವ್ ನೋಡಿ ಆಶ್ಚರ್ಯಪಟ್ಟರು.

"ಕನ್ನಡದ್ದು ಇಷ್ಟು ಬೇಗ ಆಯ್ತಾ ಟೀಚರೇ? ಮಲಯಾಳದ್ದು ಶುಕ್ರವಾರವೇ ಪ್ರೆಸ್ಸಿಗೆ ಹೋಯ್ತು. ನಿಮ್ಮದು ಪ್ರತಿಸಲ ತಡ ಅಲ್ವಾ, ಹಾಗೆ ಅದನ್ನು ಮತ್ತೆ ನೋಡುವ ಅಂತ ಬಿಟ್ಟದ್ದು."

"ನೋಟಿಸಲ್ಲಿ ಇವತ್ತಿನ ತಾರೀಕೇ ಉಂಟು ಸಾರ್."

"ಅದು ಸುಮ್ಮನೆ ಹಾಕುದಲ್ವಾ."

ಸುಮ್ಮನೆ ಹಾಕುವುದು. ನಾನು ಕುರ್ಚಿ ಎಳೆದು ಅವರೆದುರು ಕೂತೆ. "ಪ್ರೆಸ್ಸಿಗೆ ಫೋನ್ ಮಾಡಿ ಸಾರ್. ಒಟ್ಟಿಗೆ ಹೊಡೀಲಿಕ್ಕೆ ಹೇಳಿ. ಅಲ್ಲಿವರೆಗೆ ನಾನು ಏಳುದಿಲ್ಲ" ಎಂದೆ. ಅವರು ನಕ್ಕರು, ನಾನು ನಗಲಿಲ್ಲ. ಮುಕ್ಕಾಲು ಗಂಟೆ ಕೂತೆ. ಎರಡು ಸಲ ಚಹಾ ಬಂತು, ಕುಡಿಯಲಿಲ್ಲ. ಕೊನೆಗೆ ಅವರು ಫೋನ್ ತೆಗೆದುಕೊಂಡರು.

ಮೂರು ವಾರದ ಮೇಲೆ ಮಲಯಾಳಂ ಡಿವಿಷನ್ನಿನ ಕಟ್ಟೂ ನಮ್ಮ ಕಟ್ಟೂ ಒಂದೇ ಆಟೋದಲ್ಲಿ ಶಾಲೆಗೆ ಬಂದವು. ದಾರ ಬಿಚ್ಚಿ ತರಗತಿಯಲ್ಲಿ ಹಂಚಿದೆ. ಮಕ್ಕಳು ಪುಟ ತಿರುಗಿಸದೆ, ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು:

"ಟೀಚರ್, ಇದು ನೋಡಿ ವಾಪಸ್ ಕೊಡ್ಲಿಕ್ಕಾ?"

"ಕೊಡ್ಲಿಕ್ಕಲ್ಲ. ನಿಮ್ಮದೇ. ಹೆಸರು ಬರೀರಿ" ಎಂದೆ. ಮೆತ್ತಗೆ ಹೇಳಬೇಕೆಂದಿದ್ದೆ. ಗದರಿಕೆಯಾಗಿ ಬಂತು. ಮಕ್ಕಳು ಬೆಚ್ಚಿಬಿದ್ದು, ನಲ್ವತ್ತು ಜನವೂ ಒಟ್ಟಿಗೆ ಪೆನ್ನು ತೆಗೆದರು.